ಮೇಬಲ್ ನಾರ್ಮಂಡ್ ಬರೀ ನಾಯಕಿಯಲ್ಲ

1914ರಲ್ಲಿ ಕೀಸ್ಟೋನ್ ಕಂಪನಿಯ ಹೊರಾಂಗಣ ಚಿತ್ರೀಕರಣ. ಹೊಸ ನಟನೊಬ್ಬ ಪೈಪಿನಿಂದ ರಸ್ತೆಗೆ ನೀರು ಹಾಯಿಸಿ ಕಾರು ಜಾರುವಂತೆ ಮಾಡಬೇಕು. ಪೈಪನ್ನು ತಾನೇ ತುಳಿದು, ನೀರು ನಿಂತದ್ದೇಕೆಂದು ಬಾಯೊಳಗೆ ಇಣುಕಿ, ಕಾಲು ತೆಗೆದು, ಮುಖಕ್ಕೆ ರಾಚಿಸಿಕೊಳ್ಳುತ್ತೇನೆ ಎಂದ. ಅದಕ್ಕೆಲ್ಲ ಸಮಯವಿಲ್ಲ, ಹೇಳಿದಷ್ಟು ಮಾಡಿ ಎಂದಳು ನಿರ್ದೇಶಕಿ. ಆತ ಮುನಿಸಿಕೊಂಡು ರಸ್ತೆ ಬದಿಯಲ್ಲಿ ಕೂತುಬಿಟ್ಟ.

ಆ ನಟ ಚಾರ್ಲಿ ಚಾಪ್ಲಿನ್. ನಿರ್ದೇಶಕಿ, ಇಪ್ಪತ್ತರ ಹರೆಯದ ಮೇಬಲ್ ನಾರ್ಮಂಡ್.

ಚಾಪ್ಲಿನ್ ಆತ್ಮಕಥೆಯಿಂದ ಬಂದ ಈ ಪ್ರಸಂಗವನ್ನು ಎಲ್ಲರೂ ಅವನ ಕಡೆಯಿಂದಲೇ ಹೇಳುತ್ತಾರೆ. ಅಮೆರಿಕದ ಮಹಿಳೆಯರಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಹೆಣ್ಣುಮಗಳೊಬ್ಬಳು ಗಂಡಸರ ತಂಡಕ್ಕೆ ಆ್ಯಕ್ಷನ್ ಹೇಳುತ್ತಿದ್ದಳು. ನನಗೆ ದೊಡ್ಡದಾಗಿ ಕಾಣುವುದು ಅದು.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಹುಡುಗಿ. ಚಿತ್ರಕಾರರಿಗೆ ರೂಪದರ್ಶಿಯಾಗಿದ್ದು, ನಿರ್ದೇಶಕ ಗ್ರಿಫಿತ್ ಕೆಲಸ ಮಾಡುತ್ತಿದ್ದ ಬಯೋಗ್ರಾಫ್ ಚಿತ್ರಸಂಸ್ಥೆ ಸೇರಿ, 1912ರಲ್ಲಿ ನಿರ್ದೇಶಕ ಮ್ಯಾಕ್ ಸೆನೆಟ್ ಜೊತೆ ಕೀಸ್ಟೋನ್‌ಗೆ ಬಂದಳು. ಚಾಪ್ಲಿನ್ ತನ್ನ ಅಲೆಮಾರಿಯ ವೇಷವನ್ನು ಮೊದಲು ತೊಟ್ಟದ್ದೂ ಅವಳ ಹೆಸರಿನ ಚಿತ್ರ 'ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್'ಗಾಗಿಯೇ. 1916ರಲ್ಲಿ ಅವಳ ಹೆಸರಿನದೇ ಚಿತ್ರಸಂಸ್ಥೆಯೂ ಹುಟ್ಟಿತು. ಅಲ್ಲಿ ತಯಾರಾದ 'ಮಿಕ್ಕಿ' 1918ರಲ್ಲಿ ತೆರೆಕಂಡು ಭರ್ಜರಿಯಾಗಿ ಓಡಿತು.

ಅವಳ ಹಾಸ್ಯದ ಸೊಗಸು ತಿಳಿಯಬೇಕಾದರೆ 1923ರ 'ದಿ ಎಕ್ಸ್‌ಟ್ರಾ ಗರ್ಲ್' ನೋಡಬೇಕು. ಸಿಂಹದ ವೇಷ ಹಾಕಿದ ನಾಯಿ ಎಂದುಕೊಂಡು ನಿಜವಾದ ಸಿಂಹಕ್ಕೇ ಹಗ್ಗ ಕಟ್ಟಿ ಸ್ಟುಡಿಯೋ ತುಂಬ ಎಳೆದಾಡುತ್ತಾಳೆ. ಸುತ್ತಲಿದ್ದವರು ದಿಕ್ಕಾಪಾಲಾಗುತ್ತಾರೆ. ಅವಳ ಮುಖದಲ್ಲಿ ಮಾತ್ರ ಮನೆಯ ನಾಯಿಯನ್ನು ಗದರುವವಳ ಸಲುಗೆ. ನಗಿಸಲು ಹೊರಟವಳ ಹಾಗೆ ಎಲ್ಲೂ ಕಾಣುವುದಿಲ್ಲ.

ಆದರೂ ಅವಳ ಹೆಸರೆತ್ತಿದರೆ ಮೊದಲು ಬರುವ ಮಾತು ಕೊಲೆಯದ್ದು. 1922ರ ಫೆಬ್ರುವರಿ 1ರ ರಾತ್ರಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಹತ್ಯೆಯಾದ. ಸ್ವಲ್ಪ ಮೊದಲು ಅವಳು ಅವನನ್ನು ಭೇಟಿಯಾಗಿ ಹೊರಟಿದ್ದಳು. ಅವಳ ಮೇಲೆ ಯಾವ ಆರೋಪವೂ ದಾಖಲಾಗಲಿಲ್ಲ. ಆದರೆ ಪತ್ರಿಕೆಗಳು ಅವಳನ್ನು ಬಿಡಲಿಲ್ಲ. 1930ರಲ್ಲಿ ಕ್ಷಯ ಅವಳನ್ನು ಕೊಂಡೊಯ್ದಿತು. ಅವಳ ಎಷ್ಟೋ ಚಿತ್ರಗಳ ರೀಲುಗಳೂ ಉಳಿದಿಲ್ಲ.

2010ರಲ್ಲಿ ನ್ಯೂಜಿಲೆಂಡಿನ ಸಂಗ್ರಹಾಗಾರದಲ್ಲಿ ಅಮೆರಿಕದ ಹಳೆಯ ಮೂಕಿ ಚಿತ್ರಗಳ ರಾಶಿಯೇ ಪತ್ತೆಯಾಯಿತು. ಅದರೊಳಗೆ 1914ರ ಒಂದು ಪುಟ್ಟ ಹಾಸ್ಯಚಿತ್ರವಿತ್ತು: 'ವನ್ ಇನ್ ಎ ಕ್ಲಾಸೆಟ್'. ನಟನೆ, ನಿರ್ದೇಶನ ಎರಡೂ ಮೇಬಲ್‌ಳದೇ.