ಪುಕ್ಕಟೆ ಪರೀಕ್ಷೆಗೆ ದುಬಾರಿ ತಯಾರಿ

ಪರೀಕ್ಷೆಗಳಲ್ಲಿ ಎರಡು ಜಾತಿ. ಪಾಸಾಗುವ ಹೊತ್ತಿಗೆ ಕೈಗೊಂದು ಕೆಲಸ ಹತ್ತಿರುತ್ತದೆ, ಅದೊಂದು ಜಾತಿ. ಪಾಸಾದ ಮೇಲೆ ಕೈಯಲ್ಲಿ ಕಾಗದ ಮಾತ್ರ ಉಳಿಯುತ್ತದೆ, ಅದು ಇನ್ನೊಂದು. ನಮ್ಮ ಶಿವಮೊಗ್ಗದಂಥ ಊರುಗಳಲ್ಲಿ ಈಗ ಎರಡನೆಯದನ್ನೇ ಮೊದಲನೆಯದೆಂದು ಹೇಳಿ ಹೆಣ್ಣುಮಕ್ಕಳಿಗೆ ಮಾರುವ ವ್ಯಾಪಾರ ಭರದಿಂದ ನಡೆದಿದೆ. ಮದುವೆ, ಬಾಣಂತನ, ಅತ್ತೆ ಮಾವಂದಿರ ಆರೈಕೆ ಎಂದು ಏಳೆಂಟು ವರ್ಷ ಮನೆಯಲ್ಲಿದ್ದು, ಇನ್ನಾದರೂ ಏನಾದರೂ ಮಾಡಬೇಕು ಎಂದು ಹೊರಟವರೇ ಈ ವ್ಯಾಪಾರದ ಗಿರಾಕಿಗಳು. ಅವರ ಹಂಬಲ ನಿಜವಾದದ್ದು. ಅವರ ಕೈಗೆ ಕೊಡುವ ಸರಕು ಮಾತ್ರ ಖೊಟ್ಟಿ. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ನಾನು ಹೇಳುತ್ತಿರುವುದು ವೆಬ್ ಅನಲಿಟಿಕ್ಸ್ ಸರ್ಟಿಫಿಕೇಟಿನ ವಿಷಯ. ಹೆಸರು ಕೇಳಿ ಗಾಬರಿಯಾಗಬೇಡಿ. ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು ದಿನಾ ಮಾಡುವ ಕೆಲಸವೇ ಅದು. ಬಂದವರೆಷ್ಟು, ಯಾರು ಹೇಳಿ ಬಂದರು, ಯಾವ ಸೀರೆ ಬಿಚ್ಚಿಸಿ ನೋಡಿದರು, ಎಷ್ಟು ಹೊತ್ತು ನಿಂತರು, ಕೊಂಡವರೆಷ್ಟು, ಬರಿಗೈಯಲ್ಲಿ ಹೊರಟವರೆಷ್ಟು? ಅಂಗಡಿಯಲ್ಲಿ ಇದನ್ನೆಲ್ಲ ನಮ್ಮ ಕಣ್ಣು ನೋಡುತ್ತದೆ. ವೆಬ್‌ಸೈಟಿನಲ್ಲಿ ಒಂದು ಸಾಫ್ಟ್‌ವೇರ್ ನೋಡುತ್ತದೆ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವುದು ಗೂಗಲ್ ಅನಲಿಟಿಕ್ಸ್. ಅರ್ಚಿನ್ ಎಂಬ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡು, ಅದೇ ವರ್ಷ ನವೆಂಬರಿನಲ್ಲಿ ಇದನ್ನು ತನ್ನ ಹೆಸರಿನಲ್ಲಿ ಹೊರತಂದಿತು.

ಈ ಸಾಫ್ಟ್‌ವೇರ್ ಬಲ್ಲವರಿಗಾಗಿ ಕಂಪನಿಯೇ ಒಂದು ಪರೀಕ್ಷೆ ನಡೆಸುತ್ತದೆ. 50 ಪ್ರಶ್ನೆ, 75 ನಿಮಿಷ, ನೂರಕ್ಕೆ 80 ಬಂದರೆ ಪಾಸು. ಮನೆಯಲ್ಲೇ ಕೂತು ಬರೆಯಬಹುದು. ಫೇಲಾದರೆ ಒಂದು ದಿನ ಬಿಟ್ಟು ಮತ್ತೆ ಬರೆಯಬಹುದು. ಒಂದು ಕಾಲಕ್ಕೆ 50 ಡಾಲರ್ ಶುಲ್ಕವಿತ್ತು, 2014ರಲ್ಲಿ ಅದನ್ನೂ ತೆಗೆದುಹಾಕಿದರು. ಓದಬೇಕಾದ ಪಾಠಗಳು ಸ್ಕಿಲ್‌ಶಾಪ್ ಎಂಬ ಅವರದೇ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಟಿಫಿಕೇಟಿನ ಆಯುಸ್ಸು ಒಂದೇ ವರ್ಷ, ಆಮೇಲೆ ಮತ್ತೆ ಬರೆಯಬೇಕು.

ಇಂಥ ಪುಕ್ಕಟೆ ಪರೀಕ್ಷೆಗೆ ನಮ್ಮೂರಿನ ಸಂಸ್ಥೆಯೊಂದು ನನ್ನ ತಂಗಿಯ ಮಗಳ ಹತ್ತಿರ ಕೇಳಿದ್ದು 18,000 ರೂಪಾಯಿ. ಅವಳು ಬಿ.ಕಾಂ. ಓದಿದವಳು, ಎರಡು ಮಕ್ಕಳ ತಾಯಿ. ಆ ದುಡ್ಡಿಗಾಗಿ ಓಲೆ ಅಡವಿಡಲು ಸಿದ್ಧಳಾಗಿದ್ದಳು. ಏನು ಕಲಿಸುತ್ತಾರೋ ಕೇಳೋಣವೆಂದು ನಾನೂ ಜೊತೆಗೆ ಹೋದೆ. ಅಲ್ಲಿದ್ದ ತರುಣ ಬಹಳ ವಿನಯದಿಂದ ಒಂದು ಜೆರಾಕ್ಸ್ ಕಟ್ಟನ್ನು ನಮ್ಮ ಮುಂದಿಟ್ಟ. “ಓದೋದೆಲ್ಲ ಏನೂ ಬೇಡ ಮೇಡಂ. ಪ್ರಶ್ನೆ, ಉತ್ತರ ಎಲ್ಲಾ ಇದರಲ್ಲೇ ಇದೆ. ನೋಡ್ಕೊಂಡ್ರೆ ಪಾಸ್ ಗ್ಯಾರಂಟಿ” ಎಂದ. ಹೊರಗೆ ಬಂದ ಮೇಲೆ ನಮ್ಮ ಹುಡುಗಿ, “ದೊಡ್ಡಮ್ಮ, ಹೆಂಗಾದ್ರೂ ಪಾಸಾಗೋದು ಮುಖ್ಯ ಅಲ್ವಾ?” ಎಂದಳು.

ಅಲ್ಲ. ಯಾಕೆ ಅಲ್ಲ ಎಂದು ಹೇಳಲು ನನಗೊಂದು ಅಧಿಕಾರ ಬೇಕಲ್ಲ, ಅದಕ್ಕೆ ನಾನೂ ಅವಳ ಜೊತೆಗೆ ಓದಲು ಕೂತೆ. ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬರುವ ಮೊದಲು ಒಂದು ಗಂಟೆ, ಹೀಗೆ ಐದು ವಾರ. ಇಬ್ಬರೂ ಬರೆದೆವು, ಇಬ್ಬರೂ ಪಾಸಾದೆವು. ಪಾಸಾದದ್ದು ದೊಡ್ಡ ಮಾತಲ್ಲ. ಓದುವಾಗ ತಿಳಿದದ್ದೇ ದೊಡ್ಡದು. ಆ ಜೆರಾಕ್ಸ್ ಕಟ್ಟು ಕಿತ್ತುಕೊಳ್ಳುವುದು ಅದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ಇದರಲ್ಲಿ ‘ಬೌನ್ಸ್ ರೇಟ್’ ಎಂಬ ಲೆಕ್ಕ ಇದೆ. ಬಂದವರಲ್ಲಿ ನೂರಕ್ಕೆ ಎಷ್ಟು ಮಂದಿ ಹಾಗೇ ವಾಪಸು ಹೋದರು ಎಂದು ಇಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಒಂದೇ ಪುಟ ನೋಡಿ ಹೊರಟವರೆಲ್ಲ ಬೌನ್ಸ್. ಒಬ್ಬಾಕೆ ಬಿಸಿಬೇಳೆಬಾತಿನ ವಿಧಾನವನ್ನು ಐದು ನಿಮಿಷ ಓದಿ, ಬರೆದುಕೊಂಡು, ಸಂತೋಷದಿಂದ ಹೊರಟರೂ ಅವಳು ‘ಹಾಗೇ ವಾಪಸು ಹೋದವಳು’! ಆ ಹಳೆಯ ಸಾಫ್ಟ್‌ವೇರ್ 2023ರ ಜುಲೈ 1ರಿಂದ ಹೊಸ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದದ್ದರಲ್ಲಿ 10 ಸೆಕೆಂಡಿಗಿಂತ ಹೆಚ್ಚು ನಿಂತರೆ, ಇಲ್ಲವೇ ಎರಡು ಪುಟ ನೋಡಿದರೆ, ಇಲ್ಲವೇ ಕೊಳ್ಳುವುದೇ ಮೊದಲಾದ ಮುಖ್ಯ ಕೆಲಸವೊಂದನ್ನು ಮಾಡಿದರೆ ಅವರು ಬೌನ್ಸ್ ಅಲ್ಲ. ಹೆಸರು ಅದೇ, ಅರ್ಥ ಬೇರೆ. ಆ ಮುಖ್ಯ ಕೆಲಸಕ್ಕೆ ‘ಕನ್ವರ್ಶನ್’ ಎನ್ನುತ್ತಿದ್ದರು. 2024ರಲ್ಲಿ ಅದೂ ‘ಕೀ ಈವೆಂಟ್’ ಆಯಿತು. ನಮಗೆ ಕೊಟ್ಟ ಕಟ್ಟಿನಲ್ಲಿ ಬೌನ್ಸಿಗೆ ಹಳೆಯ ಅರ್ಥವೇ ಅಚ್ಚಾಗಿತ್ತು. ಅದನ್ನು ಉರುಹೊಡೆದವಳು ಏನೂ ತಿಳಿಯದವಳಿಗಿಂತ ಕಷ್ಟದಲ್ಲಿದ್ದಾಳೆ. ತಿಳಿಯದವಳು ಕೇಳಿಯಾದರೂ ತಿಳಿಯುತ್ತಾಳೆ, ಇವಳು ತಪ್ಪನ್ನು ಧೈರ್ಯವಾಗಿ ಹೇಳುತ್ತಾಳೆ.

ಇನ್ನೊಂದು ನೋಡಿ. ನನ್ನ ಓರಗಿತ್ತಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ನಾವು ಅದರ ಲೆಕ್ಕ ತೆಗೆದು ನೋಡಿದಾಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ಡೈರೆಕ್ಟ್’ ಎಂಬ ಸಾಲಿನಲ್ಲಿದ್ದರು. ಕಟ್ಟಿನಲ್ಲಿರುವ ಉತ್ತರ ಹೇಳುವಂತೆ, ವಿಳಾಸವನ್ನು ತಾವೇ ಟೈಪು ಮಾಡಿ ಬಂದವರು ಡೈರೆಕ್ಟ್. ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಹಂಚಿಸುತ್ತಿದ್ದ ಹ್ಯಾಂಡ್‌ಬಿಲ್ಲಿನ ಫಲವೇ ಇದು ಎಂದು ಓರಗಿತ್ತಿ ಹಿಗ್ಗಿದಳು. ನಮ್ಮ ಹುಡುಗಿ ಪಾಠವನ್ನು ಸರಿಯಾಗಿ ಓದಿದ್ದಳು. ಎಲ್ಲಿಂದ ಬಂದರೆಂದು ಗೊತ್ತಾಗದವರನ್ನೆಲ್ಲ ಸಾಫ್ಟ್‌ವೇರ್ ಇದೇ ಸಾಲಿಗೆ ತುಂಬುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಲಿಂಕನ್ನು ಒತ್ತಿ ಬಂದವರು ಹೆಚ್ಚಾಗಿ ಇಲ್ಲೇ ಬಂದು ಬೀಳುತ್ತಾರೆ. ಅವಳು ಲಿಂಕಿನ ಬಾಲಕ್ಕೆ ಯು.ಟಿ.ಎಂ. ಎಂಬ ಗುರುತು ಸೇರಿಸಿದಳು. ಆ ‘ಯು’ ಹಳೆಯ ಅರ್ಚಿನ್ ಕಂಪನಿಯ ಹೆಸರಿನ ಪಳೆಯುಳಿಕೆ. ವಾಟ್ಸಾಪಿಗೆ ಒಂದು ಗುರುತು, ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಚೌಕಾಕಾರದ ಕೋಡಿಗೆ ಇನ್ನೊಂದು. ತಿಂಗಳು ಕಳೆಯುವಷ್ಟರಲ್ಲಿ ಗೊತ್ತಾಯಿತು, ಗಿರಾಕಿಗಳು ಬರುತ್ತಿದ್ದದ್ದು ಓರಗಿತ್ತಿಯ ತವರೂರಿನವರ ವಾಟ್ಸಾಪ್ ಗುಂಪಿನಿಂದ. ಹ್ಯಾಂಡ್‌ಬಿಲ್ಲಿನಿಂದ ಬಂದವರು ಬೆರಳೆಣಿಕೆಯಷ್ಟು. ಹ್ಯಾಂಡ್‌ಬಿಲ್ ನಿಂತಿತು, ಆ ದುಡ್ಡು ಉಳಿಯಿತು. ಇದಕ್ಕೆ ವಿದ್ಯೆ ಎನ್ನುವುದು. ಆ ವಿದ್ಯೆ ಉತ್ತರದಲ್ಲಿರಲಿಲ್ಲ, ಉತ್ತರವನ್ನು ಅನುಮಾನಿಸಿದ್ದರಲ್ಲಿತ್ತು.

ಅನುಮಾನಿಸುವ ಈ ಗುಣ ನಮಗೆ, ಹೆಂಗಸರಿಗೆ, ಇನ್ನೊಂದು ಕಾರಣಕ್ಕೂ ಬೇಕು. ವರದಿಯಲ್ಲಿ ಗಂಡು, ಹೆಣ್ಣು ಎಂದು ಬಿಡಿಸಿ ತೋರಿಸುವ ಒಂದು ಅಂಕಣವಿದೆ. ಸಾಫ್ಟ್‌ವೇರ್ ಯಾರ ಮುಖವನ್ನೂ ನೋಡಿ ಇದನ್ನು ಬರೆಯುವುದಿಲ್ಲ. ಗೂಗಲ್ ಖಾತೆಯೊಳಗಿದ್ದು ಒಪ್ಪಿಗೆ ಕೊಟ್ಟವರ ಮಾಹಿತಿಯಿಂದ ಊಹಿಸಿ ಬರೆಯುತ್ತದೆ, ಮಿಕ್ಕವರನ್ನು ‘ಗೊತ್ತಿಲ್ಲ’ ಎಂಬ ಸಾಲಿಗೆ ಹಾಕುತ್ತದೆ. ಈಗ ನಮ್ಮ ಮನೆಗಳನ್ನು ನೆನೆಯಿರಿ. ಎಷ್ಟು ಮನೆಗಳಲ್ಲಿ ತಾಯಿ ಮಗನ ಫೋನಿನಲ್ಲೇ ಸೀರೆ ನೋಡುತ್ತಾಳೆ, ಹೆಂಡತಿ ಗಂಡನ ಫೋನಿನಲ್ಲೇ ಪಾತ್ರೆ ತರಿಸುತ್ತಾಳೆ! ಆರಿಸಿದವಳು ಅವಳು, ಲೆಕ್ಕಕ್ಕೆ ಬರುವವನು ಅವನು. ಈ ವರದಿ ನೋಡಿ ‘ನಮ್ಮ ಗಿರಾಕಿಗಳು ಗಂಡಸರೇ’ ಎಂದು ತೀರ್ಮಾನಿಸುವ ಯಜಮಾನನಿಗೆ, ‘ಸ್ವಲ್ಪ ನಿಲ್ಲಿ ಸರ್, ಫೋನು ಯಾರದು, ನೋಡಿದವರು ಯಾರು ಎಂಬುದು ಬೇರೆ ಬೇರೆ’ ಎಂದು ಹೇಳಬಲ್ಲವಳು ಯಾರು? ಹಾಗೆ ಬದುಕಿ ಬಲ್ಲ ಹೆಂಗಸೇ. ಆ ಕೋಣೆಯಲ್ಲಿ ಅಂಥ ಒಬ್ಬಳು ಕೂತಿರಬೇಕು ಎಂಬುದೇ ನನ್ನ ಆಸೆ. ಕಟ್ಟು ಉರುಹೊಡೆದು ಕೂತರೆ ಅವಳೂ ತಲೆಯಾಡಿಸಿ ಸುಮ್ಮನಾಗುತ್ತಾಳೆ.

ನಮ್ಮ ಕಾಲದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳನ್ನು ಈಗ ನೆನೆದು ನಗುವವರಿದ್ದಾರೆ. ನಾನು ನಗುವುದಿಲ್ಲ. ಜೂನಿಯರ್, ಸೀನಿಯರ್ ಎಂದು ಕಟ್ಟಿದ ಆ ಪರೀಕ್ಷೆಗೆ ಉತ್ತರದ ಕಟ್ಟು ಮಾರಲು ಯಾರಿಂದಲೂ ಆಗುತ್ತಿರಲಿಲ್ಲ. ಬೆರಳು ಓಡಬೇಕು, ಓಡದಿದ್ದರೆ ಫೇಲು. ಕಿರುಬೆರಳು ನೋಯುವವರೆಗೆ ಕುಟ್ಟಿ ಕಲಿತ ಹುಡುಗಿಯರು ಕಚೇರಿಗಳಲ್ಲಿ ತಲೆಯೆತ್ತಿ ಕೂತರು. ಕೊಟ್ಟ ಫೀಸಿಗೆ ಕೈಗೆ ಏನೋ ಬಂದಿತ್ತು. ಇವತ್ತಿನ ಸಂಸ್ಥೆಗಳಿಗೂ ಅಷ್ಟು ಪ್ರಾಮಾಣಿಕರಾಗಲು ಅಡ್ಡಿಯೇನಿದೆ? ಕಂಪ್ಯೂಟರಿನ ಮುಂದೆ ಕೂರಿಸಿ ಮಾಡಿಸಲಿ. ಅಭ್ಯಾಸಕ್ಕೆಂದೇ ಗೂಗಲ್ ತನ್ನ ಟೀ ಶರ್ಟು, ಚೀಲಗಳನ್ನು ಮಾರುವ ಅಂಗಡಿಯ ನಿಜವಾದ ಲೆಕ್ಕವನ್ನು ಡೆಮೊ ಅಕೌಂಟಿನಲ್ಲಿ ಎಲ್ಲರಿಗೂ ಬಿಚ್ಚಿಟ್ಟಿದೆ. ಅದಕ್ಕೂ ದುಡ್ಡಿಲ್ಲ. ಅದನ್ನು ತೆರೆದು ತೋರಿಸದೆ ಜೆರಾಕ್ಸ್ ಹಂಚುವವರಿಗೆ ಗುರು ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಇದಕ್ಕೆ ಉತ್ತರವಾಗಿ ಎರಡು ಮಾತು ಕೇಳಿಬರುತ್ತದೆ. ಒಂದು, ಮನೆ ಮಕ್ಕಳು ನೋಡಿಕೊಳ್ಳುವವಳಿಗೆ ಓದಲು ಹೊತ್ತೆಲ್ಲಿದೆ? ಹೊತ್ತಿಲ್ಲ, ನಿಜ. ಅದಕ್ಕೇ ಇದ್ದ ಒಂದು ಗಂಟೆಯನ್ನು ಮುಂದಿನ ವರ್ಷ ಕೆಲಸಕ್ಕೆ ಬಾರದ ಉತ್ತರಗಳಿಗೆ ಸುರಿಯಬಾರದು. ಇನ್ನೊಂದು, ಕೆಲಸ ಕೊಡುವವರೇ ಸರ್ಟಿಫಿಕೇಟು ಕೇಳುತ್ತಾರಲ್ಲ? ಕೇಳುತ್ತಾರೆ, ಅದಕ್ಕೆ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಖಂಡಿತ ಬರೆಯಿರಿ. ಆದರೆ ಕಾಗದ ನಿಮ್ಮನ್ನು ಬಾಗಿಲ ತನಕ ಕರೆದೊಯ್ಯುತ್ತದೆ, ಅಷ್ಟೆ. ಸೇರಿದ ಎರಡನೇ ತಿಂಗಳು, ‘ಹೋದ ವಾರ ವ್ಯಾಪಾರ ಯಾಕೆ ಬಿತ್ತು?’ ಎಂದು ಯಜಮಾನ ಕೇಳಿದಾಗ ನಾಲ್ಕು ಆಯ್ಕೆ ಕೊಟ್ಟು ಕೇಳುವುದಿಲ್ಲ. ಅಲ್ಲಿ ತಡವರಿಸಿದರೆ ಸಂಸ್ಥೆಯ ಹೆಸರು ಕೆಡುವುದಿಲ್ಲ. ‘ಸಂಸಾರಸ್ಥ ಹೆಂಗಸರಿಗೆ ಇದೆಲ್ಲ ಎಲ್ಲಿ ಬರುತ್ತೆ’ ಎಂಬ ಹಳೆಯ ಮಾತಿಗೆ ಹೊಸ ಸಾಕ್ಷಿ ಸಿಗುತ್ತದೆ. ನನಗೆ ಸಿಟ್ಟು ಬರುವುದು 18,000 ರೂಪಾಯಿಗಿಂತ ಹೆಚ್ಚಾಗಿ ಇದಕ್ಕೆ.

ಆದ್ದರಿಂದ ಓಲೆ, ಉಂಗುರ ಅಡವಿಡುವ ಮೊದಲು ಆ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಪುಕ್ಕಟೆ ಎಂದು ಮೊದಲೇ ಯಾಕೆ ಹೇಳಲಿಲ್ಲ? ನಿಜವಾದ ಒಂದು ವೆಬ್‌ಸೈಟಿನ ಲೆಕ್ಕವನ್ನು ನನ್ನ ಕೈಯಿಂದ ತೆಗೆಸುತ್ತೀರಾ? ನೀವು ಹೇಳಿದ ಅಂಕಿ ತಪ್ಪಿರಬಹುದು ಎಂದು ನಾನು ವಾದಿಸಿದರೆ ಕೂತು ಕೇಳುತ್ತೀರಾ? ಮೂರಕ್ಕೂ ನೇರ ಉತ್ತರ ಬಂದರೆ ಫೀಸು ಕಟ್ಟಿ, ಕಲಿಸುವವರೂ ಬದುಕಬೇಕು. ಬಾರದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬನ್ನಿ. ಪಕ್ಕದ ಮನೆಯವಳನ್ನೂ ಕರೆದು ಕೂರಿಸಿಕೊಂಡು, ಇಬ್ಬರೂ ಸೇರಿ ಪಾಠ ತೆರೆಯಿರಿ. ಪಾಠ ಇಂಗ್ಲಿಷಿನಲ್ಲಿದ್ದರೆ ಹೆದರಬೇಡಿ, ಒಬ್ಬಳಿಗೆ ತಿಳಿಯದ್ದು ಇನ್ನೊಬ್ಬಳಿಗೆ ತಿಳಿಯುತ್ತದೆ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಸಾಲದ ಬಡ್ಡಿಯ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಮ್ಮಿಯಾದರೂ ‘ಇದು ಹೇಗಾಯಿತು?’ ಎಂದು ಕೇಳಿದವರು ನೀವು. ಆ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿ, ಉತ್ತರ ಸಿಗುವವರೆಗೆ ಬಿಡಬೇಡಿ.