ಹತ್ತಿದ ಗೇರಿನಲ್ಲೇ ಇಳಿಯಬೇಕು

ಗುಡ್ಡ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎನ್ನುವವರು ಹೆಚ್ಚಾಗಿ ಕಾಲ್ನಡಿಗೆಯವರು. ಘಾಟಿಯಲ್ಲಿ ಬಸ್ಸು, ಲಾರಿ ಓಡಿಸುವವರನ್ನು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲುವುದೇ ಇಲ್ಲ! ಹೀಗೇಕೆ ಎಂಬುದನ್ನು ತಿಳಿಯಲು ದೂರದ ಒಂದು ಬೆಟ್ಟದ ರಸ್ತೆಗೆ ಹೋಗಿ ಬರಬೇಕು.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನವಿದೆ. 1915ರಲ್ಲಿ ಸ್ಥಾಪನೆಯಾದದ್ದು. ಅದರ ನಡುವೆ ಎಸ್ಟೆಸ್ ಪಾರ್ಕ್ ಎಂಬ ಊರಿನಿಂದ ಗ್ರ್ಯಾಂಡ್ ಲೇಕ್ ಎಂಬ ಊರಿಗೆ ಹೋಗುವ 77 ಕಿಲೋಮೀಟರ್ ಉದ್ದದ ದಾರಿಯೇ ಟ್ರೇಲ್ ರಿಡ್ಜ್ ರಸ್ತೆ. ಇದರ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 3,713 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ಈ ಎತ್ತರದ ಅಂದಾಜು ಸಿಕ್ಕೀತು. ಸುಮಾರು 17 ಕಿಲೋಮೀಟರ್‌ವರೆಗೆ ಈ ರಸ್ತೆ ಮರಗಳೇ ಬೆಳೆಯದ ಎತ್ತರದಲ್ಲಿ ಸಾಗುತ್ತದೆ. ಅಕ್ಟೋಬರ್ ಮಧ್ಯದಿಂದ ಮೇ ಕೊನೆಯವರೆಗೆ ಹಿಮ ಬಿದ್ದು ಸಾಮಾನ್ಯವಾಗಿ ಮುಚ್ಚಿರುತ್ತದೆ. ತೆರೆದಿರುವ ಆ ಕೆಲವೇ ತಿಂಗಳಲ್ಲಿ ಪ್ರವಾಸಿಗಳು ಮುಗಿಬೀಳುತ್ತಾರೆ.

ಅವರಲ್ಲಿ ಎಷ್ಟೋ ಜನ ಬರುವುದು ಮೋಟರ್ ಹೋಮ್‌ನಲ್ಲಿ. ಹೆಸರೇ ಹೇಳುವಂತೆ ಇದು ಗಾಲಿಗಳ ಮೇಲಿನ ಮನೆ. ಚಾಲಕನ ತಲೆಯ ಮೇಲೊಂದು ಹಾಸಿಗೆ, ಹಿಂದೆ ಇನ್ನೊಂದು. ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್, ಪುಟ್ಟ ಬಚ್ಚಲು, ನೀರಿನ ಟ್ಯಾಂಕು. ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಸಾಮಾನು, ಜನ ಎಲ್ಲ ಸೇರಿ ಐದು ಟನ್ ತೂಗುವುದು ಸಾಮಾನ್ಯ.

ಡೆನ್ವರ್ ನಗರದಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬ ಇಂಥ ಗಾಡಿಯಲ್ಲಿ ಜುಲೈ ತಿಂಗಳ ಒಂದು ವಾರಾಂತ್ಯ ಹೊರಟಿತು ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಎಂಟನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಜೊತೆಗೆ ತೀರ್ಥಹಳ್ಳಿಯಿಂದ ಮಗನ ಮನೆಗೆ ಬಂದಿರುವ ಅಜ್ಜ. ಶುಕ್ರವಾರ ರಾತ್ರಿ ಎಸ್ಟೆಸ್ ಪಾರ್ಕ್‌ನಲ್ಲಿ ಬಿಡಾರ. ಅಮ್ಮ ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯಿಸಿದರು. ನೀರು ಕೊತಕೊತ ಕುದಿಯಿತು, ಆದರೆ ಅನ್ನ ಬೇಯಲು ಮಾಮೂಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಊರು 2,293 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾಗುತ್ತದೆಯೇ ಹೊರತು ಹೆಚ್ಚು ಬಿಸಿಯಾಗುವುದಿಲ್ಲ. ಮರುದಿನ ಬೇಳೆಗೆ ಕುಕ್ಕರ್ ಇಟ್ಟರು. ಕುಕ್ಕರಿನ ಒಳಗೆ ಒತ್ತಡ ಕೂಡಿಕೊಳ್ಳುವುದರಿಂದ ನೀರು 110 ಡಿಗ್ರಿ ದಾಟುತ್ತದೆ, ಬೇಳೆ ಬೇಯುತ್ತದೆ.

ಶನಿವಾರ ಬೆಳಗ್ಗೆ ಬೇಗನೆ ಹೊರಟರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ನೆತ್ತಿಯ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಮರವಿಲ್ಲದ ಬಯಲಿನಲ್ಲಿ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು, ಸಿಡಿಲಿಗೆ ಅವನೇ ಗುರಿ. ಏರುತ್ತಿದ್ದಂತೆ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿತು. ಹೊರಗಿನ ಒತ್ತಡ ಇಳಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ. ಎಲ್ಲರ ಕಿವಿ ಕಟ್ಟಿ, ಎಂಜಲು ನುಂಗಿದಾಗ ಪಟ್ಟೆಂದು ಬಿಟ್ಟುಕೊಂಡದ್ದೂ ಇದೇ ಕಾರಣಕ್ಕೆ.

ಎಂಜಿನ್ನಿಗೂ ಏದುಸಿರು ಬಂತು. ಅದು ಪೆಟ್ರೋಲನ್ನು ಮಾತ್ರ ತಿಂದು ಬದುಕುವುದಿಲ್ಲ, ಗಾಳಿಯನ್ನೂ ಉಸಿರಾಡಬೇಕು. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 63 ಶೇಕಡಾ ಮಾತ್ರ. ಟರ್ಬೊ ಇಲ್ಲದ ಎಂಜಿನ್ನಿನ ಬಲದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಕಡಿತವಾಗುತ್ತದೆ. ಆದರೂ ಗಾಡಿ ನಿಲ್ಲಲಿಲ್ಲ. ಕಾರಣ, 1929ರಲ್ಲಿ ಕೆಲಸ ಶುರುಮಾಡಿ 1932ರಲ್ಲಿ ಮೇಲಿನ ಭಾಗವನ್ನು ಸಂಚಾರಕ್ಕೆ ತೆರೆದ ಎಂಜಿನಿಯರುಗಳು ಏರು ಎಲ್ಲಿಯೂ ಶೇಕಡಾ 7ನ್ನು ಮೀರದಂತೆ ನೋಡಿಕೊಂಡರು. ಅಂದರೆ ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಮೇಲಕ್ಕೆ. 1920ರಲ್ಲಿ ತೆರೆದಿದ್ದ ಹಳೆಯ ಫಾಲ್ ರಿವರ್ ರಸ್ತೆಯಲ್ಲಿ ಕೆಲವೆಡೆ ಏರು ಶೇಕಡಾ 16 ಇತ್ತು. ಆ ಕಾಲದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಪಂಪು ಇರಲಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಾನೇ ಇಳಿದು ಹರಿಯಬೇಕಿತ್ತು. ಕಡಿದಾದ ಏರಿನಲ್ಲಿ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಹರಿವು ನಿಂತುಹೋಗುತ್ತಿತ್ತು. ಅದಕ್ಕೇ ಅಂಥ ಕಾರನ್ನು ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ಹಳೆಯ ರಸ್ತೆಯಲ್ಲಿ ಇಂದಿಗೂ ಉದ್ದನೆಯ ಮೋಟರ್ ಹೋಮ್‌ಗಳಿಗೆ ಪ್ರವೇಶವಿಲ್ಲ.

ನೆತ್ತಿಯಲ್ಲಿ ಗಾಡಿ ನಿಲ್ಲಿಸಿದರು. ಮಗ ಇಪ್ಪತ್ತು ಹೆಜ್ಜೆ ಓಡಿ, ಎದೆ ಹಿಡಿದುಕೊಂಡು ಕೂತ. ಅವನ ಪ್ರತಿ ಉಸಿರಿನಲ್ಲೂ ಆಮ್ಲಜನಕ ಕಡಿಮೆ. "ನಿಧಾನ ಕಣೋ, ಇಲ್ಲಿ ಓಡಬಾರದು" ಎಂದರು ಅಜ್ಜ. ನೆಲಕ್ಕಂಟಿ ಬೆಳೆದ ಬೆರಳೆತ್ತರದ ಗಿಡಗಳನ್ನು ತುಳಿಯದೆ, ಹಾಕಿದ ದಾರಿಯಲ್ಲೇ ಎಲ್ಲರೂ ನಡೆದರು. ಆ ಚಳಿಯಲ್ಲಿ ಗಿಡಗಳು ಬೆಳೆಯುವುದು ಬಹಳ ನಿಧಾನ. ಒಮ್ಮೆ ತುಳಿದು ಕೆಟ್ಟದ್ದು ಸರಿಹೋಗಲು ದಶಕಗಳೇ ಬೇಕು.

ಇನ್ನು ಇಳಿಯುವ ಸರದಿ. ಅಪ್ಪ ಗೇರನ್ನು ಕೆಳಗಿನದಕ್ಕೆ ಹಾಕಿದರು. ಎಂಜಿನ್ ಹೋ ಎಂದು ಕೂಗತೊಡಗಿತು.

"ಅಪ್ಪಾ, ಇಳಿಜಾರಿನಲ್ಲಿ ಎಂಜಿನ್ ಯಾಕೆ ಇಷ್ಟು ಕೂಗುತ್ತೆ? ಸುಮ್ಮನೆ ಬ್ರೇಕ್ ಹಿಡಿದರೆ ಆಗಲ್ವಾ?" ಮಗಳ ಪ್ರಶ್ನೆ.

ಉತ್ತರ ಕೊಟ್ಟವರು ಅಜ್ಜ. "ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು ಇದೆ, ಪುಟ್ಟೀ. ಅಲ್ಲಿನ ಡ್ರೈವರುಗಳ ಮಾತು ಒಂದೇ: ಹತ್ತಿದ ಗೇರಿನಲ್ಲೇ ಇಳಿಯಬೇಕು."

ಅಜ್ಜನ ಮಾತಿನ ಹಿಂದಿರುವ ಲೆಕ್ಕವನ್ನು ವಿದ್ಯಾರ್ಥಿಗಳು ಸುಲಭವಾಗಿ ಮಾಡಬಹುದು. ನೆತ್ತಿಯಿಂದ ಎಸ್ಟೆಸ್ ಪಾರ್ಕ್‌ಗೆ ಇಳಿಯುವ ಎತ್ತರ 1,420 ಮೀಟರ್. ಗಾಡಿಯ ತೂಕ 5,000 ಕಿಲೋಗ್ರಾಂ. ಪ್ರಚ್ಛನ್ನ ಶಕ್ತಿ ಎಂದರೆ ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ. 5,000ವನ್ನು 9.8ರಿಂದಲೂ 1,420ರಿಂದಲೂ ಗುಣಿಸಿದರೆ ಸುಮಾರು 7 ಕೋಟಿ ಜೂಲ್. ಹತ್ತುವಾಗ ಪೆಟ್ರೋಲ್ ಸುಟ್ಟು ಬೆಟ್ಟದಲ್ಲಿ ಇಟ್ಟ ಠೇವಣಿ ಇದು. ಇಳಿಯುವಾಗ ಬೆಟ್ಟ ಅದನ್ನು ಪೈಸೆ ಬಿಡದೆ ಹಿಂದಿರುಗಿಸುತ್ತದೆ. ಶಕ್ತಿ ನಾಶವಾಗುವುದಿಲ್ಲ. ವೇಗವಾಗಿ ಬದಲಾಗಲು ಬಿಟ್ಟರೆ ಗಾಡಿ ಪ್ರಪಾತಕ್ಕೆ. ಹಾಗಾಗಿ ಅದು ಶಾಖವಾಗಲೇಬೇಕು. ಎಷ್ಟು ಶಾಖ? 20 ಡಿಗ್ರಿಯಲ್ಲಿರುವ 200 ಲೀಟರ್ ನೀರನ್ನು 100 ಡಿಗ್ರಿಗೆ ಕಾಯಿಸುವಷ್ಟು!

ಬ್ರೇಕ್ ಒಂದನ್ನೇ ನಂಬಿದರೆ ಇದರಲ್ಲಿ ಬಹುಪಾಲು ಗಾಲಿಗಳ ಬಳಿಯಿರುವ ಕೆಲವು ಕಿಲೋಗ್ರಾಂ ಲೋಹದೊಳಗೆ ಸೇರಬೇಕು. ಲೋಹ ಕಾದಂತೆ ಬ್ರೇಕ್ ಪ್ಯಾಡಿನ ಘರ್ಷಣೆ ಕುಗ್ಗುತ್ತದೆ. ಇನ್ನೂ ಅಪಾಯದ್ದು ಬ್ರೇಕ್ ಆಯಿಲ್ ಕುದಿಯುವುದು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹಳೆಯದಾದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು ಎಂಬುದೇ ಬ್ರೇಕಿನ ಆಧಾರ. ಕುದಿದು ಆವಿಯ ಗುಳ್ಳೆಗಳಾದರೆ ಅವು ಸ್ಪಂಜಿನಂತೆ ಕುಗ್ಗುತ್ತವೆ. ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ.

ಕೆಳಗಿನ ಗೇರು ಈ ಶಾಖದ ಪಾಲನ್ನು ಎಂಜಿನ್ನಿಗೆ ಹಂಚುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ಕವಾಟ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆಗ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕು. ಸಣ್ಣ ಸಂದಿನಿಂದ ಗಾಳಿ ಎಳೆದುಕೊಳ್ಳಲು ಪಿಸ್ಟನ್ನುಗಳು ಹೆಣಗುತ್ತವೆ. ಸೂಜಿಯಿಲ್ಲದ ಹೊಸ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಂದಿನ ಕಡ್ಡಿಯನ್ನು ಎಳೆದು ನೋಡಿದರೆ ಆ ಹೆಣಗಾಟ ಕೈಗೇ ತಿಳಿಯುತ್ತದೆ. ಎಂಜಿನ್ನಿಗೆ ರೇಡಿಯೇಟರ್ ಇದೆ, ಹೊಗೆ ಕೊಳವೆ ಇದೆ. ಗಂಟೆಗಟ್ಟಲೆ ಶಾಖ ಹೊರಹಾಕುವುದೇ ಅದರ ಕಸುಬು. ಅದು ಕೂಗಿದರೆ ಗಾಬರಿ ಬೇಡ. ಬ್ರೇಕಿನ ಕೆಲಸವನ್ನು ತಾನು ಮಾಡುತ್ತಿದ್ದೇನೆ ಎಂದು ಹೇಳುತ್ತಿದೆ.

ವೇಗದ ಲೆಕ್ಕವೂ ಇದೆ. ಶೇಕಡಾ 7ರ ಇಳಿಜಾರಿನಲ್ಲಿ ಈ ಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಇಳಿದರೆ ಶಾಖ ಹುಟ್ಟುವ ದರ ಸುಮಾರು 48 ಕಿಲೋವಾಟ್. ಸಾವಿರ ವಾಟ್‌ನ 48 ಇಸ್ತ್ರಿ ಪೆಟ್ಟಿಗೆಗಳು ಒಟ್ಟಿಗೆ ಉರಿದಂತೆ! ಗಂಟೆಗೆ 25 ಕಿಲೋಮೀಟರ್‌ಗೆ ಇಳಿಸಿದರೆ ಅದು 24 ಆಗುತ್ತದೆ. ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ, ಆದರೆ ತಣಿಯಲು ಸಿಗುವ ಸಮಯ ಎರಡು ಪಟ್ಟು.

ಅರ್ಧ ದಾರಿಯಲ್ಲಿ, ವಾಹನಗಳು ನಿಲ್ಲಲು ಮಾಡಿದ ಜಾಗದಲ್ಲಿ ಒಂದು ಕಾರು ನಿಂತಿತ್ತು. ಅಜ್ಜ ಮೂಗರಳಿಸಿ, "ಬ್ರೇಕ್ ಸುಟ್ಟ ವಾಸನೆ" ಎಂದರು. ಕಾರಿನವರು ಬಾಟಲಿಯ ನೀರು ಹಿಡಿದು ಗಾಲಿಯ ಬಳಿ ಬಗ್ಗಿದ್ದರು. ಅಪ್ಪ ಇಳಿದು ಹೋಗಿ ತಡೆದರು. ಕಾದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ಬ್ರೇಕನ್ನು ಗಾಳಿಗೆ ತಾನೇ ಆರಲು ಬಿಡುವುದೇ ಮದ್ದು.

ಬೇಸಿಗೆ ರಜೆಯಲ್ಲಿ ಆಗುಂಬೆ, ಚಾರ್ಮಾಡಿ ಕಡೆ ಕಾರಿನಲ್ಲಿ ಹೊರಡುವ ತಂದೆತಾಯಿಗಳು ಗಮನಿಸಬೇಕಾದ ಮಾತೊಂದಿದೆ. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಹಲವರಿಗಿದೆ. ಇದರಿಂದ ಉಳಿತಾಯವೂ ಇಲ್ಲ, ಕ್ಷೇಮವೂ ಇಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕು, ಬ್ರೇಕಿಗೆ ಎಂಜಿನ್ನಿನ ನೆರವೂ ಇರುವುದಿಲ್ಲ. ಎಂಜಿನ್ನನ್ನೇ ಆರಿಸಿದರೆ ಪೆಡಲ್ ಬೇಗ ಬಿಗಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ.

ಟ್ರೇಲ್ ರಿಡ್ಜ್ ರಸ್ತೆ ಹುಟ್ಟುವ ಮೊದಲೇ ಆ ಬೆಟ್ಟದ ಮೇಲೊಂದು ಕಾಲುದಾರಿ ಇತ್ತು. ಅಲ್ಲಿನ ಮೂಲನಿವಾಸಿಗಳಾದ ಅರಾಪಾಹೊ ಜನ ಅದನ್ನು ತಮ್ಮ ಭಾಷೆಯಲ್ಲಿ 'ಮಕ್ಕಳು ನಡೆದ ದಾರಿ' ಎಂದು ಕರೆಯುತ್ತಿದ್ದರು. ಮಕ್ಕಳನ್ನು ಹೊತ್ತುಕೊಂಡು ಸಾಗಲಾರದಷ್ಟು ಕಡಿದಾಗಿತ್ತಂತೆ, ಮಕ್ಕಳೇ ನಡೆಯಬೇಕಿತ್ತಂತೆ. ಈಗ ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಾರೆ. ಅವರನ್ನು ಮನೆಗೆ ತಲುಪಿಸುವ ಭಾರ ಗೇರು ಹಿಡಿದ ಕೈಯ ಮೇಲಿದೆ.