ಶಾಲೆ ಅಂಗನವಾಡಿಗಳ ಮೇಲಣ ಅಹವಾಲುಗಳು

ಮಗುವಿಗೆ ಅಕ್ಷರವನ್ನೂ ಅನ್ನವನ್ನೂ ಒದಗಿಸುವ ಹೊಣೆಯನ್ನು ರಾಜ್ಯವು ಶಾಸನದ ಮೂಲಕ ತಾನಾಗಿಯೇ ಹೊತ್ತುಕೊಂಡಿರುವುದಷ್ಟೆ. ಆ ಹೊಣೆಯು ನೆರವೇರದೆ ಹೋದಾಗ ಪ್ರಜೆಯು ಯಾರ ಬಾಗಿಲಿಗೆ ಹೋಗತಕ್ಕದ್ದು, ಹೋದರೆ ಎಷ್ಟು ದಿವಸಗಳೊಳಗೆ ಉತ್ತರವನ್ನು ನಿರೀಕ್ಷಿಸತಕ್ಕದ್ದು? ಈ ಪ್ರಶ್ನೆಯನ್ನು ತಾಲ್ಲೂಕು ಕಛೇರಿಯ ಜಗಲಿಯಲ್ಲಿ ಕುಳಿತಿರುವ ಹತ್ತು ಮಂದಿಯನ್ನು ಕೇಳಿದರೆ ಹತ್ತು ಉತ್ತರಗಳು ಬರುವುವು. ಕಛೇರಿಯ ಒಳಗೆ ಕುಳಿತಿರುವವರನ್ನು ಕೇಳಿದರೂ ಉತ್ತರಗಳ ಸಂಖ್ಯೆಯೇನೂ ಕಡಮೆಯಾಗುವಂತಿಲ್ಲ.

ಶಾಸನದಲ್ಲಿ ಉತ್ತರವಿಲ್ಲವೆಂದಲ್ಲ. ಶಿಕ್ಷಣದ ಹಕ್ಕಿನ ಕಾಯಿದೆಯು 2009ರಲ್ಲಿ ಅಂಗೀಕೃತವಾಗಿ 2010ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 32ನೆಯ ಕಲಮಿನ ಪ್ರಕಾರ, ಮಗುವಿನ ಹಕ್ಕಿಗೆ ಸಂಬಂಧಪಟ್ಟ ಅಹವಾಲುಳ್ಳ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಬರೆಹದಲ್ಲಿ ದೂರು ಕೊಡಬಹುದು. ತಂದೆತಾಯಿಗಳೇ ಕೊಡಬೇಕೆಂಬ ನಿಯಮವಿಲ್ಲ. ದೂರು ಬಂದ ಮೂರು ತಿಂಗಳೊಳಗೆ ಉಭಯ ಪಕ್ಷದವರಿಗೂ ಹೇಳಿಕೊಳ್ಳಲು ಅವಕಾಶವಿತ್ತು ತೀರ್ಮಾನ ಮಾಡತಕ್ಕದ್ದು. ತೀರ್ಮಾನವು ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿಯುಂಟು. ಶಾಲೆಗೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಗೃಹಗಳಿರಬೇಕು, ಶುದ್ಧವಾದ ಕುಡಿಯುವ ನೀರಿರಬೇಕು, ಮಂಜೂರಾದ ಉಪಾಧ್ಯಾಯರ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಬೀಳಕೂಡದು. ಇವೆಲ್ಲವೂ ಅದೇ ಕಾಯಿದೆಯ ಮಾತುಗಳು. ಎಂದಮೇಲೆ ನಲ್ಲಿಯಲ್ಲಿ ನೀರು ಬಾರದ ಶಾಲೆಯ ವಿಷಯವಾಗಿ ಅರ್ಜಿ ಬರೆಯುವವನು ಭಿಕ್ಷೆ ಬೇಡುತ್ತಿಲ್ಲ, ತನಗೆ ಬರಬೇಕಾದ ಬಾಕಿಯನ್ನು ಕೇಳುತ್ತಿದ್ದಾನೆ.

ಇನ್ನು ಈ ಅರ್ಜಿಯು ನಡೆಯುವ ದಾರಿಯನ್ನು ನೋಡೋಣ. ಮುಖ್ಯೋಪಾಧ್ಯಾಯರ ಮೇಲಣ ಒಂದು ದೂರು ಪಂಚಾಯತಿಗೆ ಬರುವುದು. ಪಂಚಾಯತಿಯವರು ಅದು ತಮ್ಮ ಇಲಾಖೆಯದಲ್ಲವೆಂದು ಕ್ಷೇತ್ರಶಿಕ್ಷಣಾಧಿಕಾರಿಗಳಿಗೆ ರವಾನಿಸುವರು. ಅಲ್ಲಿಂದ ಅದು ಜಿಲ್ಲೆಗೆ ಹೋಗಿ, ‘ಪರಿಶೀಲಿಸಿ ವರದಿ ಮಾಡುವುದು’ ಎಂಬ ಷರಾದೊಡನೆ ಹಿಂದಿರುಗಿ, ಕೊನೆಗೆ ವರದಿಗಾಗಿ ಅದೇ ಮುಖ್ಯೋಪಾಧ್ಯಾಯರ ಮೇಜಿನ ಮೇಲೆಯೇ ಬಂದು ಕುಳಿತುಕೊಳ್ಳುವುದು. ಆರೋಪಕ್ಕೆ ಗುರಿಯಾದವರೇ ತಮ್ಮ ನಿರ್ದೋಷತ್ವವನ್ನು ಕುರಿತು ಪ್ರಮಾಣಪತ್ರ ಬರೆದುಕೊಡುವ ಈ ವಿಚಿತ್ರ ನ್ಯಾಯಕ್ಕೆ ಕಛೇರಿಯ ಭಾಷೆಯಲ್ಲಿ ‘ವಿಲೇವಾರಿ’ ಎಂದು ಹೆಸರು. ಅರ್ಜಿದಾರನಿಗೆ ಸಂಖ್ಯೆಯಿಲ್ಲ, ರಸೀದಿಯಿಲ್ಲ, ತಾರೀಖಿಲ್ಲ. ಕಡತವು ಮುಗಿದಿರುವುದು, ನೀರು ಮಾತ್ರ ಬಂದಿಲ್ಲ.

ಮೂರು ತಿಂಗಳ ಅವಧಿಯೆಂದರೆ ಅಧಿಕಾರಿವರ್ಗಕ್ಕೆ ಅಲ್ಪವಾಗಿ ಕಾಣಬಹುದು. ಮಗುವಿನ ಲೆಕ್ಕದಲ್ಲಿ ಅದು ಅಲ್ಪವಲ್ಲ. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿವಸಗಳ ಪಾಠ ನಡೆಯಬೇಕೆಂದು ಕಾಯಿದೆಯೇ ಹೇಳುವುದು. ಜೂನಿನಲ್ಲಿ ಶಾಲೆ ತೆರೆದು, ಉಪಾಧ್ಯಾಯರಿಲ್ಲವೆಂದು ಜುಲೈಯಲ್ಲಿ ಅರ್ಜಿ ಹೋಗಿ, ದಸರೆಯ ರಜೆಯ ಹೊತ್ತಿಗೆ ತೀರ್ಮಾನವಾದರೂ ಆ ವರ್ಷದ ವಿದ್ಯೆಯಲ್ಲಿ ಹೆಚ್ಚು ಕಡಮೆ ಮೂರನೆಯ ಒಂದು ಪಾಲು ಹೋಯಿತೆಂದೇ ತಿಳಿಯಬೇಕು. ಮೂರು ತಿಂಗಳು ಮೂರು ವರ್ಷವಾದರೆ ಮಗುವು ಶಾಲೆಯನ್ನೇ ಬಿಟ್ಟು ಬೆಳೆದಿರುವುದು. ಭೂಮಿಯ ವ್ಯಾಜ್ಯವು ತಡವಾದರೆ ಭೂಮಿಯು ಅಲ್ಲಿಯೇ ಇರುತ್ತದೆ; ಬಾಲ್ಯವು ಯಾರಿಗೂ ಕಾಯ್ದುಕೊಂಡಿರುವ ವಸ್ತುವಲ್ಲ.

ಅಧಿಕಾರಿಗಳ ಬಾಯಲ್ಲಿ ನಾವು ಮೇಲಿಂದ ಮೇಲೆ ಕೇಳುವ ಮಾತೊಂದುಂಟು: “ಬರುವುವೆಲ್ಲ ಮೂಗರ್ಜಿಗಳು, ಅವಕ್ಕೆ ಬೆಲೆಯೇನು?” ಮೂಗರ್ಜಿಯನ್ನು ನಾವೂ ಹೊಗಳುವವರಲ್ಲ. ಹೆಸರು ಹಾಕದೆ ಇನ್ನೊಬ್ಬನ ಮಾನವನ್ನು ಕಳೆಯುವ ಹೇಡಿತನವು ನಮ್ಮ ಊರುಗಳಲ್ಲಿ ಸಾಕಷ್ಟಿದೆ. ಆದರೆ ಜನರು ಏತಕ್ಕೆ ಹೆಸರು ಹಾಕುವುದಿಲ್ಲವೆಂಬುದನ್ನು ಅಧಿಕಾರಿಗಳು ಒಂದು ಗಳಿಗೆ ಯೋಚಿಸಿದ್ದರೆ ಒಳಿತಾಗುತ್ತಿತ್ತು. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವುದಿಲ್ಲವೆಂದು ದೂರು ಬರೆಯುವ ತಾಯಿಯು, ಬರೆದ ಮರುದಿವಸ ಅದೇ ಅಂಗನವಾಡಿಗೆ ತನ್ನ ಮಗುವನ್ನು ಬಿಟ್ಟು ಕೂಲಿಗೆ ಹೋಗಬೇಕು. ಉಪಾಧ್ಯಾಯರ ಮೇಲೆ ದೂರು ಕೊಟ್ಟವನ ಮಗನು ಅದೇ ಉಪಾಧ್ಯಾಯರ ಎದುರಿಗೆ ಕುಳಿತು ಪಾಠ ಹೇಳಿಸಿಕೊಳ್ಳಬೇಕು. ಅಂಗಡಿಯ ಸಾಮಾನು ಸರಿಯಿಲ್ಲದಿದ್ದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಒಂದೇ ಶಾಲೆಯುಳ್ಳ ಹಳ್ಳಿಯಲ್ಲಿ ಬಡವನಿಗೆ ಇನ್ನೊಂದು ಶಾಲೆಯೆಲ್ಲಿ? ಜಾತಿಯಿಂದಲೋ ಋಣದಿಂದಲೋ ಊರಿನ ದೊಡ್ಡವರಿಗೆ ಬಗ್ಗಿರುವ ಮನೆಯವರಾದರೆ ಹೇಳುವುದೇ ಬೇಡ. ತಮ್ಮ ಮಗುವನ್ನು ಹಿಂದೆ ಕೂರಿಸಿದರೆಂದು ಹೇಳಿಕೊಳ್ಳಲು ಅವರಿಗೆ ಬಾಯಿಯೇ ಬಾರದು. ಮೂಗರ್ಜಿಯು ಮೂಕನ ಅರ್ಜಿ; ಅದನ್ನು ಬರೆದವನ ಬಾಯನ್ನು ಕಟ್ಟಿದವರಾರೆಂದು ವಿಚಾರಿಸುವುದೂ ಆಡಳಿತದ ಕರ್ತವ್ಯವೇ. ಹೆಸರಿಲ್ಲದ ಕಾಗದದ ಆಧಾರದಿಂದ ಒಬ್ಬರನ್ನು ಶಿಕ್ಷಿಸಬೇಕೆಂದು ನಾವು ಹೇಳುವುದಿಲ್ಲ. ಬಾವಿ ಬತ್ತಿದೆಯೇ, ದಿನಸಿ ಬಂದಿದೆಯೇ ಎಂದು ಹೋಗಿ ನೋಡುವುದಕ್ಕೆ ಯಾರ ಸಹಿಯೂ ಬೇಕಾಗಿಲ್ಲ.

ಇಲ್ಲಿಯೇ ಇನ್ನೊಂದು ಪಕ್ಷದ ಮಾತನ್ನೂ ಹೇಳಿಬಿಡುವುದು ನ್ಯಾಯ. ದೂರುಗಳ ಪೆಟ್ಟು ಬೀಳುವುದು ಯಾವಾಗಲೂ ಕೆಳಗಿನ ಮೆಟ್ಟಿಲಿನವರ ಮೇಲೆ. ಅಂಗನವಾಡಿಯ ಕಾರ್ಯಕರ್ತೆಗೆ ಸರ್ಕಾರದವರು ಕೊಡುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಧನವೂ ಅಷ್ಟಕ್ಕಷ್ಟೆ, ಗೌರವವೂ ಅಷ್ಟಕ್ಕಷ್ಟೆ. ಮಕ್ಕಳನ್ನು ತೂಗಿ, ಉಣಿಸಿ, ಆಡಿಸುವ ಕೆಲಸದ ಮೇಲೆ ಸಮೀಕ್ಷೆಗಳು, ಮತದಾರರ ಪಟ್ಟಿಗಳು, ಮೊಬೈಲಿನಲ್ಲಿ ತುಂಬಬೇಕಾದ ಲೆಕ್ಕಗಳು. ದಿನಸಿಯು ಗೋದಾಮಿನಿಂದ ಬಾರದೆ ಇದ್ದರೆ ಆಕೆಯು ಎಲ್ಲಿಂದ ಬೇಯಿಸಿ ಹಾಕಬೇಕು? ಏಕೋಪಾಧ್ಯಾಯ ಶಾಲೆಯ ಮಾಸ್ತರು ಸಭೆಗೆಂದು ತಾಲ್ಲೂಕಿಗೆ ಹೋದ ದಿವಸ ಬಾಗಿಲು ಹಾಕಿದ್ದರೆ ತಪ್ಪು ಮಾಸ್ತರದೋ, ಎರಡನೆಯವರನ್ನು ನೇಮಿಸದವರದೋ? ದೂರನ್ನು ನೆಟ್ಟಗೆ ವಿಚಾರಿಸಿದಲ್ಲಿ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಬೆರಳು ಮೇಲಕ್ಕೆ ತೋರುವುದೆಂದು ನಮ್ಮ ಭಾವನೆ. ಅನೇಕ ವಿಚಾರಣೆಗಳು ನೆಟ್ಟಗೆ ನಡೆಯದೆ ಇರುವುದಕ್ಕೆ ಇದೇ ಕಾರಣವೋ ಏನೋ ತಿಳಿಯದು.

ಬಾಗಿಲುಗಳಿಗೆ ಬಡತನವಿಲ್ಲ. ಕರ್ನಾಟಕದ ಸಕಾಲ ಕಾಯಿದೆಯು 2011ರದು, ಮರುವರ್ಷ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ತಡವಾದ ದಿವಸವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನು ಅದು ಗೊತ್ತುಮಾಡಿತು. ಉತ್ತಮವಾದ ಕಾಯಿದೆಯೇ ಸರಿ. ಆದರೆ ಅದರ ಬಲವೆಲ್ಲ ಪ್ರಮಾಣಪತ್ರ, ನಕಲು, ಪರವಾನಗಿಗಳಂಥ ಕಾಗದಗಳಿಗೆ. ಪಾಠ ನಡೆಯಿತೇ, ಮಗು ಉಂಡಿತೇ ಎಂಬುದು ಅದರ ಅಳತೆಗೆ ಸಿಕ್ಕುವುದಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯು ಅಂಗನವಾಡಿಯ ಆಹಾರವನ್ನೂ ಶಾಲೆಯ ಬಿಸಿಯೂಟವನ್ನೂ ಹಕ್ಕನ್ನಾಗಿ ಮಾಡಿ, ಜಿಲ್ಲೆಗೊಬ್ಬ ಕುಂದುಕೊರತೆಯ ಅಧಿಕಾರಿಯನ್ನೂ ರಾಜ್ಯಕ್ಕೊಂದು ಆಯೋಗವನ್ನೂ ವಿಧಿಸಿತು. ಆ ಅಧಿಕಾರಿಯು ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದವರಿಗೆ 5,000 ರೂಪಾಯಿಯವರೆಗೆ ದಂಡವುಂಟು. ತಮ್ಮ ಜಿಲ್ಲೆಯ ಆ ಅಧಿಕಾರಿ ಯಾರೆಂದು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಹೇಳಬಲ್ಲರು? 1984ರ ಲೋಕಾಯುಕ್ತ ಕಾಯಿದೆಯೂ ದುರಾಡಳಿತದಿಂದಾದ ಅನ್ಯಾಯವನ್ನು ಕೇಳುವ ಅಧಿಕಾರವನ್ನು ಕೊಟ್ಟಿದೆ. ಜನರಿಗೆ ಮಾತ್ರ ಲೋಕಾಯುಕ್ತವೆಂದರೆ ದಾಳಿಯೆಂದಷ್ಟೇ ಗೊತ್ತು, ದೂರಿನೊಡನೆ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾದ ಆ ಬಾಗಿಲಿಗೆ ಕೂಲಿಯ ಹೆಂಗಸು ಹೋಗುವುದುಂಟೆ? ಇನ್ನು ಸ್ಥಳೀಯ ಪ್ರಾಧಿಕಾರದಲ್ಲಿ ಪ್ರಜೆಗಳ ಪರವಾಗಿ ಕೇಳಬೇಕಾಗಿದ್ದ ಜಿಲ್ಲಾ ತಾಲ್ಲೂಕು ಪಂಚಾಯತಿಗಳೋ, 2021ರಲ್ಲಿ ಸದಸ್ಯರ ಅವಧಿ ತೀರಿದ ಮೇಲೆ ಮೂರು ವರ್ಷಗಳಿಗೂ ಮೀರಿ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲಿಯೇ ನಡೆದುವು. ದೂರು ಕೇಳಬೇಕಾದವರೂ ದೂರಿಗೆ ಉತ್ತರ ಕೊಡಬೇಕಾದವರೂ ಒಬ್ಬರೇ ಆದರು.

ಅಹವಾಲು ಕೇಳುವ ಸಂಪ್ರದಾಯವು ಈ ನಾಡಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಯರು 1881ನೆಯ ಅಕ್ಟೋಬರಿನಲ್ಲಿ ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಮೊದಲ ಸಭೆಗೆ 144 ಮಂದಿ ಪ್ರತಿನಿಧಿಗಳು. ಆ ಸಭೆಗೆ ಆಗ ಕಾನೂನು ಮಾಡುವ ಅಧಿಕಾರವಾಗಲಿ ಮತ ಕೊಡುವ ಅಧಿಕಾರವಾಗಲಿ ಇರಲಿಲ್ಲ. ಇದ್ದದ್ದೊಂದೇ: ತಾಲ್ಲೂಕಿನವನು ಎದ್ದು ನಿಂತು ತನ್ನ ಕೊರತೆಯನ್ನು ಹೇಳಿದರೆ ದಿವಾನರು ಎಲ್ಲರೆದುರಿಗೆ ಉತ್ತರ ಕೊಡಬೇಕು, ಅದು ನಡವಳಿಕೆಯಲ್ಲಿ ಅಚ್ಚಾಗಬೇಕು. ಅಧಿಕಾರವಿಲ್ಲದ ಆ ಸಭೆಗಿದ್ದ ಕಿವಿಯು ಸರ್ವಾಧಿಕಾರವುಳ್ಳ ನಮ್ಮ ಇಂದಿನ ಇಲಾಖೆಗಳಿಗಿದೆಯೆ? ಗೋಖಲೆಯವರ ಪ್ರಾಥಮಿಕ ಶಿಕ್ಷಣದ ಮಸೂದೆಯು 1912ರಲ್ಲಿ ಪರಕೀಯರ ಶಾಸನಸಭೆಯಲ್ಲಿ ಬಿದ್ದುಹೋದುದಕ್ಕೆ ನಾವು ಇಂದಿಗೂ ಆಂಗ್ಲರನ್ನು ದೂಷಿಸುವೆವು. ಸರಿಯೇ. ಸ್ವರಾಜ್ಯದಲ್ಲಿ ಅದೇ ಶಿಕ್ಷಣವು ಹಕ್ಕಾದ ಬಳಿಕ ಬಂದ ಅರ್ಜಿಗೆ ಉತ್ತರ ಕೊಡದವರನ್ನು ಏನೆಂದು ಕರೆಯಬೇಕು?

ಆ ಆಂಗ್ಲರೇ ತಮ್ಮ ನಾಡಿನಲ್ಲಿ ಮಾಡಿಕೊಂಡಿರುವ ಏರ್ಪಾಡನ್ನು ನೋಡುವುದರಲ್ಲಿ ನಮಗೆ ನಾಚಿಕೆ ಬೇಕಾಗಿಲ್ಲ. 1974ರ ಶಾಸನದಿಂದ ಅಲ್ಲಿ ಸ್ಥಳೀಯ ಆಡಳಿತದ ಮೇಲಣ ದೂರುಗಳಿಗೆಂದೇ ಸ್ವತಂತ್ರ ಕಮಿಷನರುಗಳು ಏರ್ಪಟ್ಟರು. 2017ರಿಂದ ಆ ಸಂಸ್ಥೆಯ ಹೆಸರಿನಲ್ಲಿಯೇ ಸಾಮಾಜಿಕ ಪಾಲನೆಯೆಂಬ ಮಾತು ಸೇರಿದೆ. ಮುದುಕರ ಆರೈಕೆ, ಮಕ್ಕಳ ರಕ್ಷಣೆ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಇವೆಲ್ಲ ಅದರ ವಿಚಾರಣೆಗೆ ಬರುವುವು. ಮೊದಲು ಕೌನ್ಸಿಲಿಗೇ ದೂರು ಕೊಟ್ಟು ಅದಕ್ಕೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಅಲ್ಲಿ ತೃಪ್ತಿಯಾಗದಿದ್ದರೆ ಖರ್ಚಿಲ್ಲದೆ ಇಲ್ಲಿಗೆ ಬರಬಹುದು. ಇವರು ಕೇಳುವುದು ಎರಡು ಪ್ರಶ್ನೆಗಳನ್ನು: ತಪ್ಪು ನಡೆಯಿತೇ, ಆ ತಪ್ಪಿನಿಂದ ಈ ಮನುಷ್ಯನಿಗೆ ಅನ್ಯಾಯವಾಯಿತೇ? ಆಗಿದ್ದರೆ ಕ್ಷಮೆ ಕೇಳುವಂತೆಯೂ, ತಪ್ಪಿದ ಸೇವೆಯನ್ನು ಒದಗಿಸುವಂತೆಯೂ, ಕೆಲವು ವೇಳೆ ಹಣ ಕೊಡುವಂತೆಯೂ ಸೂಚಿಸುವರು. ಅದು ಶಿಫಾರಸು ಮಾತ್ರ, ಆಜ್ಞೆಯಲ್ಲ. ಆದರೂ ಕೌನ್ಸಿಲುಗಳು ಬಹುಮಟ್ಟಿಗೆ ನಡೆಸಿಕೊಡುವುವು, ಏಕೆಂದರೆ ತೀರ್ಮಾನವು ದೂರುದಾರನ ಹೆಸರಿಲ್ಲದೆ, ಕೌನ್ಸಿಲಿನ ಹೆಸರಿನೊಡನೆ ಪ್ರಕಟವಾಗುವುದು. ಅಲ್ಲಿಯೂ ಎಲ್ಲವೂ ಚೊಕ್ಕಟವಲ್ಲ. ಶಾಲೆಯೊಳಗಣ ಅನೇಕ ವಿಷಯಗಳು ಆ ಸಂಸ್ಥೆಯ ಎಲ್ಲೆಯ ಹೊರಗಿವೆ. ನಮ್ಮ ನೆರೆಯ ಕೇರಳದಲ್ಲಿಯೂ ಪಂಚಾಯತಿ ಪುರಸಭೆಗಳ ಮೇಲಣ ದೂರುಗಳಿಗೆಂದು ಒಂಬುಡ್ಸ್‌ಮನ್ ಎಂಬ ಪೀಠವಿರುವುದರಿಂದ, ಇದು ಬಿಳಿಯರಿಗೆ ಮಾತ್ರ ಸಾಧ್ಯವಾದುದೆಂದು ಯಾರೂ ಹೇಳುವಂತಿಲ್ಲ.

ಆದರೆ ಹೊಸ ಪೀಠವು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯತಿಯಲ್ಲಿಯೂ ಪುರಸಭೆಯಲ್ಲಿಯೂ ಶಾಲೆ ಅಂಗನವಾಡಿಗಳ ದೂರಿಗೆಂದು ಒಂದು ದಫ್ತರವಿರಲಿ. ಬಾಯಲ್ಲಿ ಹೇಳಿದುದನ್ನೂ ಅದರಲ್ಲಿ ಬರೆದುಕೊಂಡು, ಓದಿ ಹೇಳಿ, ಸಂಖ್ಯೆ ತಾರೀಖುಗಳೊಡನೆ ರಸೀದಿ ಕೊಡಲಿ. ಯಾರ ಮೇಲೆ ದೂರಿದೆಯೋ ಅವರಿಂದಲೂ ಅವರ ಕೈಕೆಳಗಿನವರಿಂದಲೂ ವರದಿ ತರಿಸಕೂಡದೆಂದು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅದಕ್ಕೆ ಬೊಕ್ಕಸದಿಂದ ಒಂದು ಕಾಸೂ ಬೇಕಾಗದು. ನೀರು ಆಹಾರಗಳ ದೂರಿಗೆ ಮೂರು ತಿಂಗಳಲ್ಲ, ಮೂರು ದಿವಸ ಸಾಕು. ಉತ್ತರವು ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಎರಡು ಮಾತಿನದಾಗಿರದೆ, ಏನು ಕಂಡುಬಂದಿತು, ಏತಕ್ಕೆ ಹಾಗಾಯಿತು, ಎಂದಿಗೆ ಸರಿಹೋಗುವುದು ಎಂದು ತಿಳಿಗನ್ನಡದಲ್ಲಿರಲಿ. ದೂರು ಕೊಟ್ಟವರ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಿರುವರೆಂದು ತಿಂಗಳ ಬಳಿಕ ಒಬ್ಬರು ಹೋಗಿ ನೋಡಿ ಬರಲಿ.

ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ಕಾಯಿದೆಯಿದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ನಡೆಯುವುದುಂಟು. ಅಲ್ಲಿ ಮಕ್ಕಳು ಎದ್ದು ನಿಂತು ಶೌಚಗೃಹಕ್ಕೆ ಬಾಗಿಲಿಲ್ಲವೆಂದು ಹೇಳುವುದನ್ನು ನಾವು ಪತ್ರಿಕೆಯವರು ಚಿತ್ರಸಮೇತವಾಗಿ ಅಚ್ಚುಮಾಡುವೆವು, ಮುಂದಿನ ವರ್ಷ ಅದೇ ಬಾಗಿಲನ್ನು ಕುರಿತು ಮತ್ತೊಮ್ಮೆ ಅಚ್ಚುಮಾಡುವೆವು. ಬರಲಿರುವ ಗ್ರಾಮಸಭೆಗಳಲ್ಲಿ ಕಾಮಗಾರಿಗಳ ಪಟ್ಟಿಗಿಂತ ಮೊದಲು, ಹಿಂದಿನ ಸಭೆಯಲ್ಲಿ ಬಂದ ದೂರುಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಗಟ್ಟಿಯಾಗಿ ಓದಿಸಬೇಕೆಂದು ಪಂಚಾಯತಿಯ ಸದಸ್ಯರು ಒತ್ತಾಯ ಮಾಡಲಿ. ಓದಲು ಉತ್ತರವೇ ಇಲ್ಲದಿದ್ದರೆ, ಇಲ್ಲವೆಂಬುದನ್ನೇ ನಡವಳಿಕೆಯಲ್ಲಿ ಬರೆಯಿಸಿ ನಮಗೆ ಒಂದು ನಕಲು ಕಳುಹಿಸಿದರೆ ಈ ಪುಟದಲ್ಲಿ ಸ್ಥಳವನ್ನು ಒದಗಿಸಿಕೊಡುವೆವು.